ಭಾವ ಕುಡಿದು ಅಕ್ಕನಿಗೆ ಹೊಡಿತಾರೆ, ಸಭೆಯವ್ರು ತಾಳ್ಕೋ ಅಂತಾರೆ. ಬೈಬಲ್ ಹೇಳೋದು ಇದನ್ನೇನಾ?

ಲಿಂಗರಾಜಪುರದ ತಂಗಿ
ಎಲ್ಲರಿಗೂ ಕರ್ತನಲ್ಲಿ ವಂದನೆ. ಭಾವ ಮೊದ್ಲು ಸಂಬಳದ ದಿನ ಮಾತ್ರ ಕುಡಿತಿದ್ರು, ಈಗ ಬೆಳಿಗ್ಗೆ ಎದ್ದ ತಕ್ಷಣ ಕ್ವಾರ್ಟರ್ ಬೇಕು, ಇಲ್ಲಾಂದ್ರೆ ಕೈ ನಡುಗುತ್ತೆ. ಹೋದ ಶನಿವಾರ ರಾತ್ರಿ ಹೊಡೆದಿದ್ದಕ್ಕೆ ಅಕ್ಕನ ಕಿವಿ ಹತ್ರ ಊದ್ಕೊಂಡು, ಭಾನುವಾರ ಆರಾಧನೆಗೆ ಸೆರಗು ಮುಚ್ಕೊಂಡೇ ಬಂದ್ಲು. ಮಗ ಪಿಯುಸಿ, ಅವನ ಬ್ಯಾಗಲ್ಲಿ ಗಾಂಜಾ ಸಿಕ್ತು. ಹಿರಿಯರ ಹತ್ರ ಹೋದ್ರೆ ಗಂಡನಿಗೆ ಅಧೀನಳಾಗಿರಮ್ಮ, ಉಪವಾಸ ಪ್ರಾರ್ಥನೆ ಮಾಡು, ವಿಷಯ ಹೊರಗೆ ಹೋದ್ರೆ ಸಾಕ್ಷಿ, ಅಂದ್ರೆ ವಿಶ್ವಾಸಿಗಳ ಒಳ್ಳೆ ಹೆಸರು, ಹಾಳಾಗುತ್ತೆ ಅಂದ್ರು. ಭಾವನ್ನ ಕೇಳಿದ್ರೆ ಯೇಸುವೇ ಕಾನಾ ಮದುವೆಲಿ ನೀರನ್ನ ದ್ರಾಕ್ಷಾರಸ ಮಾಡ್ಲಿಲ್ವಾ ಅಂತಾರೆ. ಏನ್ ಉತ್ತರ ಕೊಡೋದು ಹೇಳಿ.

ಕುಡಿತ ಬಿಟ್ಟವನು
ತಂಗಿ, ನಾನೂ ಆ ಕಾನಾ ಊರಿನ ಮಾತನ್ನ ವರ್ಷಗಟ್ಟಲೆ ಆಡ್ದೋನು. ದ್ರಾಕ್ಷಾರಸ ಮುಟ್ಟೋದೇ ಪಾಪ ಅಂತ ಬೈಬಲ್ ಹೇಳಲ್ಲ ನಿಜ, ಪೌಲನೇ ತಿಮೊಥೆಗೆ ಹೊಟ್ಟೆಗೋಸ್ಕರ ಸ್ವಲ್ಪ ತಗೋ ಅಂದಿದ್ದಾನೆ, ಆದ್ರೆ ಎಫೆಸ 5:18 ಅಮಲೇರುವಷ್ಟು ಕುಡಿಬೇಡಿ ಅಂತ ನೇರವಾಗೇ ಹೇಳುತ್ತೆ. ಜ್ಞಾನೋಕ್ತಿ 23ರ ಕೊನೆ ಭಾಗ ಓದಿ, ಕಣ್ಣು ಕೆಂಪಾಗಿ, ಹೊಡೆಸ್ಕೊಂಡಿದ್ದೂ ಗೊತ್ತಾಗದೆ, ಎಚ್ಚರ ಆದ್ಮೇಲೆ ಮತ್ತೆ ಅದನ್ನೇ ಹುಡ್ಕೊಂಡು ಹೋಗೋನ ಚಿತ್ರ ಇದೆ ಅಲ್ಲಿ. ಅದನ್ನ ಓದಿ ನಾನು ಅತ್ತಿದ್ದೀನಿ, ನನ್ನ ನೋಡೇ ಬರೆದಂಗಿತ್ತು.

ಆದ್ರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಕುಡಿತ ಬೇರೆ, ಹೊಡೆತ ಬೇರೆ. ನಾನು ಕುಡಿದಾಗ ಓನರ್ ಮೇಲೆ ಕೈ ಎತ್ತಲಿಲ್ಲ, ಪೊಲೀಸ್ ಮೇಲೆ ಎತ್ತಲಿಲ್ಲ, ಹೆಂಡತಿ ಮೇಲೆ ಮಾತ್ರ ಎತ್ತಿದೆ. ಅಮಲು ಅನ್ನೋದು ನನಗೊಂದು ನೆಪ ಆಗಿತ್ತು. 1 ತಿಮೊಥೆ 3:3ರಲ್ಲಿ ಸಭಾಧ್ಯಕ್ಷ ಕುಡುಕನೂ ಆಗಿರಬಾರದು, ಹೊಡೆಯೋನೂ ಆಗಿರಬಾರದು ಅಂತ ಎರಡನ್ನೂ ಬೇರೆ ಬೇರೆಯಾಗಿ ಬರೆದಿದೆ. ನನ್ನ ಹೆಂಡತಿ ತವರಿಗೆ ಹೋದ್ಮೇಲೇ ನಾನು ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರು ಒಬ್ಬರಿಗೊಬ್ಬರು ನೆರವಾಗೋ ಗುಂಪು) ಮೀಟಿಂಗಿಗೆ ಹೋಗಿದ್ದು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರಿಂದ ಶುರುವಾದದ್ದು, ಬೆಂಗಳೂರಲ್ಲಿ ಕನ್ನಡ ಮೀಟಿಂಗೂ ನಡಿತವೆ, ದುಡ್ಡು ಕೇಳಲ್ಲ. ಅಲ್ಲಿ 12 ಹೆಜ್ಜೆಲಿ 8, 9ನೇದು ಯಾರಿಗೆಲ್ಲ ನೋಯಿಸಿದ್ದೀವಿ ಅಂತ ಪಟ್ಟಿ ಮಾಡಿ ಸರಿಪಡಿಸೋದು. ಸಾರಿ ಅಂದ್ಬಿಟ್ರೆ ಆಗಲ್ಲ. ಮನೆಯವ್ರಿಗೆ ಅಲ್-ಅನಾನ್ ಅಂತ ಬೇರೆ ಇದೆ, ಅಕ್ಕನ್ನ ಕಳಿಸಿ.

ವಾರ್ಡ್ ಸಿಸ್ಟರ್
ಕೈ ನಡುಗುತ್ತೆ ಅಂದ್ರಲ್ಲ, ಅದಕ್ಕೇ ಬರಿತಿದ್ದೀನಿ. ಉಪವಾಸ ಪ್ರಾರ್ಥನೆ ಅಂತ ರೂಮಲ್ಲಿ ಕೂಡಿಹಾಕಿ ಒಂದೇ ಸಲ ನಿಲ್ಲಿಸ್ಬೇಡಿ, ದಯವಿಟ್ಟು. ದಿನಾ ಕುಡಿಯೋರು ಥಟ್ಟಂತ ಬಿಟ್ರೆ ಮೊದಲ 2 ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಾಣಿಸಿ ಮೈಮೇಲೆ ಪ್ರಜ್ಞೆ ಇಲ್ಲದಂಗಾಗಬಹುದು, ಜನ ದೆವ್ವ ಹಿಡಿದಿದೆ ಅಂದ್ಕೋತಾರೆ, ಅದು ಡೆಲೀರಿಯಮ್, ಪ್ರಾಣನೇ ಹೋಗಬಹುದು. ಕುಡಿತ ಬಿಡಿಸೋಕೆ ಅಂತ ಊಟದಲ್ಲಿ ಗೊತ್ತಿಲ್ದಂಗೆ ಕಲೆಸೋ ಪುಡಿನೂ ಬೇಡ. ಅದರಲ್ಲಿ ಡೈಸಲ್ಫಿರಾಮ್ ಅನ್ನೋ ಔಷಧಿ ಇದ್ರೆ ಅದರ ಮೇಲೆ ಕುಡಿದಾಗ ಬಿಪಿ ಕುಸಿಯುತ್ತೆ. ಬೆಂಗಳೂರಿನ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮ್ಹಾನ್ಸಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ, ಬೆಳಿಗ್ಗೆ ಬೇಗ ಹೋಗಿ.

ಮಗನ್ನೂ ಕರ್ಕೊಂಡು ಹೋಗಿ. ಕೇಸ್ ಆಗುತ್ತೆ ಅಂತ ಹೆದರಬೇಡಿ, ಡಾಕ್ಟರ್ ಹತ್ರ ನಿಜ ಹೇಳಿ. ಈ ವಯಸ್ಸಲ್ಲಿ ಗಾಂಜಾ ಕೆಲವರಿಗೆ ತಲೆಯನ್ನೇ ಕೆಡಿಸುತ್ತೆ. ಮೊದಲು ಫೋನಲ್ಲಿ ಮಾತಾಡ್ಬೇಕಂದ್ರೆ ವ್ಯಸನ ಬಿಡಿಸೋ ಸಹಾಯವಾಣಿ 14446 ಇದೆ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಅಕ್ಕನ ಕಿವಿ ಮಾತ್ರ ಇವತ್ತೇ ತೋರಿಸಿ.

ದೇವರ ದಾಸ
ಎಲ್ಲ ಸರಿ ಸಿಸ್ಟರ್, ಆದ್ರೆ ದೇವರು ಕೂಡಿಸಿದ್ದನ್ನ ಮನುಷ್ಯ ಅಗಲಿಸಬಾರದು ಅಂತ ಮತ್ತಾಯ 19ರಲ್ಲಿ ಇದೆಯಲ್ಲ. ಮನೆ ಬಿಟ್ಟು ಬಾ ಅಂತ ನಾವು ಹೇಳಬಹುದಾ?

ಶಿವಾಜಿನಗರ ಅಮ್ಮ
ಬ್ರದರ್, ನಾವು ಕಥೋಲಿಕರು, ವಿಚ್ಛೇದನದ ವಿಷಯದಲ್ಲಿ ನಮ್ಮಷ್ಟು ಬಿಗಿ ಯಾರೂ ಇಲ್ಲ. ಆದ್ರೂ 1983ರ ನಮ್ಮ ಧರ್ಮಸಭೆಯ ಕಾನೂನಲ್ಲೇ, 1153ನೇ ವಿಧಿ, ಗಂಡನಿಂದಾಗ್ಲಿ ಹೆಂಡತಿಯಿಂದಾಗ್ಲಿ ಇನ್ನೊಬ್ಬರ ದೇಹಕ್ಕೋ ಆತ್ಮಕ್ಕೋ ಮಕ್ಕಳಿಗೋ ದೊಡ್ಡ ಅಪಾಯ ಇದ್ರೆ ಬೇರೆ ಇರೋದು ನ್ಯಾಯವೇ ಅಂತ ಇದೆ. ಬೇರೆ ಇರೋದು ಮದುವೆ ಮುರಿಯೋದಲ್ಲ, ಜೀವ ಉಳಿಸ್ಕೊಳ್ಳೋದು. ಹೆಂಡತಿ ಅಧೀನಳಾಗಿರಲಿ ಅಂದ ಕೊಲೊಸ್ಸೆ 3ರ ಮುಂದಿನ ವಾಕ್ಯದಲ್ಲೇ ಗಂಡನಿಗೆ ಹೆಂಡತಿನ ಪ್ರೀತಿಸು, ನಿಷ್ಠುರವಾಗಿ ನಡ್ಕೋಬೇಡ ಅಂತ ಇದೆ, ಅದನ್ನ ಯಾಕೆ ಯಾರೂ ಓದಲ್ಲ?

1 ಸಮುವೇಲ 25ರಲ್ಲಿ ಅಬೀಗೈಲ್ ಏನ್ ಮಾಡಿದ್ಲು ನೋಡಿ. ಗಂಡ ನಾಬಾಲನ ದುಷ್ಟತನನ ಮುಚ್ಚಿಡಲಿಲ್ಲ, ಅವನನ್ನ ಕೇಳದೇನೇ ಹೊರಟು, ಸಿಟ್ಟಲ್ಲಿ ಬರ್ತಿದ್ದ ದಾವೀದನನ್ನ ತಡೆದು ಮನೆಯವರ ಜೀವ ಉಳಿಸಿದ್ಲು, ವಾಪಸ್ ಬಂದಾಗ ಅವನು ಕುಡಿದಿದ್ದ, ಒಂದು ಮಾತೂ ಆಡ್ಲಿಲ್ಲ, ಬೆಳಿಗ್ಗೆ ಅಮಲಿಳಿದ್ಮೇಲೆ ಹೇಳಿದ್ಲು. ಅವಳನ್ನ ಸಾಕ್ಷಿ ಹಾಳು ಮಾಡಿದೋಳು ಅಂತ ಬೈಬಲ್ ಎಲ್ಲೂ ಬೈಯಲ್ಲ.

ತಂಗಿ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಲಿ ಅಕ್ಕನಿಗೆ ಆ ಮನೆಯಲ್ಲೇ ಇರೋ ಹಕ್ಕಿದೆ, ಹೊಡಿಬಾರದು ಅಂತ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು, ಮೀರಿದ್ರೆ ಜೈಲು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ರಾತ್ರಿ ಅಪಾಯ ಅನ್ಸಿದ್ರೆ ತುರ್ತು ನಂಬರ್ 112.

ದೇವರ ದಾಸ
ಮುಂದಿನ ವಾಕ್ಯ ನಾನೂ ಗಮನ ಕೊಟ್ಟು ಓದಿರಲಿಲ್ಲ. ಕ್ಷಮಿಸಿ ಸಿಸ್ಟರ್.

ಲಿಂಗರಾಜಪುರದ ತಂಗಿ
ನಿಮ್ಮೆಲ್ಲರ ಉತ್ತರ ಅಕ್ಕನಿಗೆ ಓದಿ ಹೇಳಿದೆ, ಅಬೀಗೈಲ್ ಭಾಗನ ಎರಡು ಸಲ ಓದಿಸ್ಕೊಂಡ್ಲು. ನಿನ್ನೆ ಸಂಜೆ ಮಕ್ಕಳ ಜೊತೆ ನಮ್ಮನೆಗೆ ಬಂದಿದ್ದಾಳೆ. ಕಿವಿ ತೋರಿಸಿದ್ವಿ, ಪರದೆಗೆ ಏಟಾಗಿಲ್ಲ ಅಂದ್ರು. ಭಾವ ಇನ್ನೂ ಬೈತಿದ್ದಾರೆ, ಬೆಳಿಗ್ಗೆ ಅಪ್ಪ ಹೋಗಿ ಮಾತಾಡ್ತಾರೆ, ಒಪ್ಪಿದ್ರೆ ನೇರ ನಿಮ್ಹಾನ್ಸಿಗೆ. ಕುಡಿತ ಬಿಟ್ಟವ್ರೆ, ನಮ್ಮ ಕಡೆ ಭಾನುವಾರ ಕನ್ನಡ ಮೀಟಿಂಗ್ ಎಲ್ಲಾದ್ರೂ ಇದ್ರೆ ತಿಳಿಸ್ತೀರಾ?