ಫ್ಲೋರಿಡಾ ಕೀಸ್‌ನಲ್ಲಿ ಡೈವ್ ಮಾಡಿ ಲಾಬ್‌ಸ್ಟರ್ ಹಿಡಿಯೋದು ಹೇಗೆ?

ನೀಲಿದೋಣಿ:
ಆಗಸ್ಟ್ 8ರಿಂದ ನಾಲ್ಕು ದಿನ ಅಮೆರಿಕದ ಫ್ಲೋರಿಡಾ ಕೀಸ್ ದ್ವೀಪಸಾಲಿನ ಮ್ಯಾರಥಾನ್ ಊರಲ್ಲಿ ಇರ್ತೀವಿ. ನಾಲ್ಕು ಜನ, ಎಲ್ಲರಿಗೂ ಓಪನ್ ವಾಟರ್ ಸರ್ಟಿಫಿಕೇಟ್ (ಸ್ಕೂಬಾ ಡೈವಿಂಗ್‌ನ ಮೊದಲ ಹಂತದ್ದು) ಇದೆ, ಬೋಟ್ ಬಾಡಿಗೆಗೆ ತಗೊಳ್ತೀವಿ. ಲಾಬ್‌ಸ್ಟರ್ ನಾವೇ ಹಿಡಿದು ಅಡುಗೆ ಮಾಡಬೇಕು ಅಂತ ಆಸೆ. ಲೈಸೆನ್ಸ್ ಏನು ಬೇಕು, ಸಾಮಾನು ಏನು ಬೇಕು? ಅಲ್ಲಿನ ಲಾಬ್‌ಸ್ಟರ್‌ಗೆ ಏಡಿ ತರ ಕೊಂಡಿ ಇಲ್ಲವಂತೆ, ಹಾಗಾದರೆ ಕೈಯಲ್ಲೇ ಹಿಡಿಯಬಹುದಾ?

ಮರಳುದಿಬ್ಬ:
ಮೊದಲು ಕಾನೂನು. ಹೊರ ರಾಜ್ಯದವರಿಗೆ ಸಮುದ್ರ ಮೀನುಗಾರಿಕೆ ಲೈಸೆನ್ಸ್ 3 ದಿನಕ್ಕೆ 17 ಡಾಲರ್, 7 ದಿನಕ್ಕೆ 30. ನಿಮ್ಮ ನಾಲ್ಕು ದಿನಕ್ಕೆ 7 ದಿನದ್ದೇ ಬೇಕು. ಅದರ ಮೇಲೆ ಲಾಬ್‌ಸ್ಟರ್ ಪರ್ಮಿಟ್ 5 ಡಾಲರ್. ನೀರಿಗಿಳಿದು ಹಿಡಿಯುವ ಪ್ರತಿಯೊಬ್ಬರೂ ತಗೊಳ್ಳಿ. ಸೀಸನ್ ಆಗಸ್ಟ್ 6ರಿಂದ ಮಾರ್ಚ್ 31ರವರೆಗೆ. ಒಬ್ಬರಿಗೆ ದಿನಕ್ಕೆ 6.

ನಿಮ್ಮ ತಾರೀಕಿಗೆ ಇನ್ನೊಂದು ತೊಡಕಿದೆ. ಮ್ಯಾರಥಾನ್ ಇರುವ ಮನ್ರೋ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಸೀಸನ್ನಿನ ಮೊದಲ ಐದು ದಿನ ಮನೆ, ಹೋಟೆಲ್ಲು, ಮರೀನಾ ಇರುವ ದಡದಿಂದ 300 ಅಡಿ ಒಳಗೆ ಡೈವ್, ಸ್ನಾರ್ಕೆಲ್ ಎರಡೂ ಇಲ್ಲ. ಕಾಲುವೆಗಳಿಗೂ ಅದೇ ನಿಯಮ. ಬಾಡಿಗೆ ಮನೆ ಹಿಂದಿನ ಕಾಲುವೆಗೆ ಇಳಿಯೋ ಯೋಚನೆ ಇದ್ದರೆ ಬಿಡಿ. ಮ್ಯಾರಥಾನ್ ಎದುರಿನ ಸಾಂಬ್ರೆರೋ ರೀಫ್ ಕೂಡ ಸಂರಕ್ಷಿತ ಜಾಗ, ವರ್ಷವಿಡೀ ಅಲ್ಲಿ ಏನೂ ಹಿಡಿಯುವಂತಿಲ್ಲ. ದೊಡ್ಡ ಹಳದಿ ಬೋಯ್‌ಗಳು (ತೇಲುವ ಗುರುತುಗಳು) ಅದರ ಗಡಿ. ನೀರಲ್ಲಿ ಮರದ ಬೋನುಗಳು ಕಾಣ್ತವೆ, ಅವು ಮೀನುಗಾರರ ಹೊಟ್ಟೆಪಾಡು. ಮುಟ್ಟಿದರೆ ಅಲ್ಲಿ ಗಂಭೀರ ಕ್ರಿಮಿನಲ್ ಅಪರಾಧ.

ಹವಳತೀರ:
ಕೈಯಲ್ಲಿ ಹಿಡಿಯಬಹುದು, ಆದರೆ ಹೊಸಬರಿಗೆ ಬೇಡ. ಕೊಂಡಿ ಇಲ್ಲ ನಿಜ, ಮೈಯೆಲ್ಲ ಮುಳ್ಳು. ಮೀಸೆ ಹಿಡಿದು ಎಳೆದರೆ ಮೀಸೆ ಮುರಿದು ಕೈಗೆ ಬರುತ್ತೆ, ಲಾಬ್‌ಸ್ಟರ್ ಪೊಟರೆ ಒಳಗೆ ಕಾಲೂರಿ ಕೂರುತ್ತೆ. ಬೇಕಾದ್ದು ಇಷ್ಟು: ದಪ್ಪ ಗ್ಲೌಸ್, ಸುಮಾರು ಮೂರಡಿ ಉದ್ದದ ಟಿಕ್ಕಲ್ ಸ್ಟಿಕ್ (ಲಾಬ್‌ಸ್ಟರನ್ನು ಹೊರಡಿಸೋ ಕಡ್ಡಿ, ತುದಿ ಚೂರು ಬಗ್ಗಿರಲಿ), ಚಿಕ್ಕ ಹಿಡಿಯ ಕೈಬಲೆ, ಜಾಲರಿ ಚೀಲ, ಟಾರ್ಚು, ಗೇಜ್ (ಚಿಪ್ಪಿನ ಉದ್ದ ನೋಡೋ ಅಳತೆಪಟ್ಟಿ). ಗೇಜನ್ನು ದಾರದಲ್ಲಿ ಬಲೆಯ ಹಿಡಿಗೇ ಕಟ್ಟಿ. ಈಟಿ, ಕೊಕ್ಕೆ, ಮೈ ತೂತು ಮಾಡುವ ಯಾವುದೂ ನಡೆಯಲ್ಲ.

ಹತ್ತು–ಇಪ್ಪತ್ತು ಅಡಿ ನೀರಲ್ಲಿ ಚಾಚಿದ ಬಂಡೆಗಳ ಅಡಿ ನೋಡಿ. ಮೊದಲು ಕಾಣೋದು ಎರಡು ಮೀಸೆ. ಕಂಡ ತಕ್ಷಣ ನುಗ್ಗಬೇಡಿ. ಟಾರ್ಚ್ ಬಿಟ್ಟು ಒಳಗೆ ಮೊರೆ ಈಲ್ (ಹಾವಿನಂಥ, ಕಚ್ಚೋ ಮೀನು), ಲಯನ್‌ಫಿಶ್ ಇದೆಯಾ ನೋಡಿ, ಎರಡೂ ಅದೇ ಪೊಟರೆಯಲ್ಲಿ ಇರ್ತವೆ. ಲಯನ್‌ಫಿಶ್ ಮುಳ್ಳಲ್ಲಿ ವಿಷ ಇದೆ.

ಈಗ ಕಡ್ಡಿ. ಪಕ್ಕದಿಂದ ನಿಧಾನ ತೂರಿಸಿ ಬಾಲದ ಹತ್ತಿರ ಮೆಲ್ಲಗೆ ತಟ್ಟಿ. ಹಿಂದೆ ಏನೋ ಬಂತು ಅಂತ ಅದು ನಡೆದುಕೊಂಡೇ ಹೊರಗೆ ಬರುತ್ತೆ. ಜೋರಾಗಿ ಚುಚ್ಚಿದರೆ ಇನ್ನೂ ಒಳಗೆ ಹೋಗುತ್ತೆ, ಅಲ್ಲಿಗೆ ಮುಗೀತು. ಪೂರ್ತಿ ಹೊರಬಂದ ಮೇಲೆ ಬಲೆಯನ್ನು ಅದರ ಬಾಲದ ಹಿಂದೆ, ಕೆಳ ಅಂಚು ಮರಳಿಗೆ ಒತ್ತಿಕೊಂಡಿರೋ ಹಾಗೆ ನಿಲ್ಲಿಸಿ. ಆಮೇಲೆ ಕಡ್ಡಿಯನ್ನು ಮುಂದೆ ತಂದು ಕಣ್ಣುಗಳ ನಡುವೆ ತಟ್ಟಿ. ಹೆದರಿದ ಲಾಬ್‌ಸ್ಟರ್ ಬಾಲ ಮಡಚಿ ಹಿಂದಕ್ಕೇ ಚಿಮ್ಮುತ್ತೆ, ಸೀದಾ ಬಲೆಗೆ. ಅದೇ ಕ್ಷಣ ಬಲೆಯ ಬಾಯಿ ಮರಳಿಗೆ ಮಗುಚಿ ಒತ್ತಿ. ಬಹಳ ಜನ ಕಳಕೊಳ್ಳೋದು ಈ ಒಂದು ಸೆಕೆಂಡಲ್ಲೇ.

ಅಳತೆ ನೀರಲ್ಲೇ ಆಗಬೇಕು. ಕಣ್ಣಿನ ಮೇಲಿನ ಎರಡು ಕೊಂಬಿನ ನಡುವೆ ಗೇಜ್ ಸಿಕ್ಕಿಸಿ ಬೆನ್ನು ಚಿಪ್ಪಿನ ಹಿಂದಿನ ಅಂಚಿಗೆ ಹಿಡೀರಿ. 3 ಇಂಚಿಗಿಂತ ದೊಡ್ಡದಿರಬೇಕು, ಸರಿಯಾಗಿ 3 ಇದ್ದರೂ ಬಿಡಬೇಕು. ತಿರುಗಿಸಿ ಬಾಲದ ಅಡಿ ನೋಡಿ: ಕಿತ್ತಳೆ ಅಥವಾ ಕಂದು ಬಣ್ಣದ ಮೊಟ್ಟೆಯ ಗೊಂಚಲು ಇದ್ದರೆ ಎಷ್ಟೇ ದೊಡ್ಡದಿರಲಿ ಬಿಡಿ. ಬಿಡುವಾಗ ಅದೇ ಪೊಟರೆ ಬಾಯಲ್ಲಿ ಬಿಡಿ, ನಡುನೀರಲ್ಲಿ ಬಿಟ್ಟರೆ ದೊಡ್ಡ ಮೀನಿನ ಪಾಲು.

ನೀಲಿದೋಣಿ:
ತುಂಬಾ ಉಪಕಾರ. ಉರುಳು ಹಾಕೋ ಕಡ್ಡಿನೂ ಅಂಗಡಿಯಲ್ಲಿ ಸಿಗುತ್ತೆ ಅಂತಾರೆ, ಬಲೆಗಿಂತ ವಾಸಿನಾ? ಹಿಡಿದ ಮೇಲೆ ಮನೆ ಸೇರೋವರೆಗೆ ಹೇಗೆ ಇಡೋದು?

ಗಾಳದ_ದಾರ:
ಪೊಟರೆ ಕಿರಿದಾಗಿ ಬಲೆ ಇಡೋಕೆ ಜಾಗ ಇಲ್ಲದ ಕಡೆ ಉರುಳೇ ಸರಿ. ಹಿಂದಿನಿಂದ ಬಾಲಕ್ಕೆ ದಾಟಿಸಿ, ಬಾಲ ಚಿಪ್ಪಿಗೆ ಸೇರೋ ಜಾಗದಲ್ಲಿ ಬಿಗಿ ಮಾಡಬೇಕು. ಆದರೆ ಅಳತೆ ಸಾಲದ್ದಕ್ಕೂ, ಮೊಟ್ಟೆ ಇರೋದಕ್ಕೂ ಉರುಳು ಬಿದ್ದರೆ ಸುಮ್ಮನೆ ಗಾಯ. ಮೊದಲ ಸಲ ಬಲೆಯೇ ಇರಲಿ.

ಬೋಟಲ್ಲಿ ಬಾಲ ಮುರಿಯಬೇಡಿ. ದಡ ಸೇರೋವರೆಗೆ ಇಡೀ ಲಾಬ್‌ಸ್ಟರ್ ಇರಬೇಕು ಅನ್ನೋದು ಕಾನೂನು. ಕೂಲರ್‌ನಲ್ಲಿ ಐಸ್ ಮೇಲೆ ಇಡಿ, ಕರಗಿದ ನೀರು ಹೊರಗೆ ಹೋಗೋ ಹಾಗೆ ಕೂಲರ್ ಬಿರಡೆ ತೆಗೆದಿರಿ. ಸಿಹಿನೀರಲ್ಲಿ ಮುಳುಗಿದರೆ ಬೇಗ ಸಾಯುತ್ತೆ. ಸತ್ತು ಹಾಗೇ ಉಳಿದರೆ ತಲೆಭಾಗದ ರಸ ಇಳಿದು ಮಾಂಸ ಮೆತ್ತಗಾಗುತ್ತೆ. ದಡಕ್ಕೆ ಬಂದ ಕೂಡಲೇ ತಲೆ ಒಂದು ಕೈಲಿ, ಬಾಲ ಒಂದು ಕೈಲಿ ಹಿಡಿದು ತಿರುವಿ ಬಿಡಿಸಿ. ಮೀಸೆಯ ಒಂದು ತುಂಡು ಮುರಿದು ದಪ್ಪ ತುದಿಯನ್ನು ಬಾಲದ ಕೆಳಗಿನ ಗುದದ್ವಾರಕ್ಕೆ ತೂರಿಸಿ ತಿರುಗಿಸಿ ಎಳೆದರೆ ಕರುಳು ಪೂರ್ತಿ ಬರುತ್ತೆ.

ಅಡುಗೆಗೆ ಬಾಲ ಉದ್ದಕ್ಕೆ ಸೀಳಿ, ಬೆಳ್ಳುಳ್ಳಿ, ಮೆಣಸಿನಪುಡಿ, ಬೆಣ್ಣೆ ಸವರಿ, ಚಿಪ್ಪು ಕೆಳಗಾಗಿ ಕೆಂಡದ ಮೇಲಿಡಿ. ಗಾಜಿನಂತಿದ್ದ ಮಾಂಸ ಪೂರ್ತಿ ಬೆಳ್ಳಗಾದ ಕ್ಷಣ ಇಳಿಸಿ. ಒಂದು ನಿಮಿಷ ಹೆಚ್ಚಾದರೂ ರಬ್ಬರ್.

ಮರಳುದಿಬ್ಬ:
ಒಂದು ಬಿಟ್ಟುಹೋಗಿತ್ತು, ಅತಿ ಮುಖ್ಯ. ಬೆನ್ನಟ್ಟುವಾಗ ಸಿಲಿಂಡರಿನ ಗಾಳಿ ಬಹಳ ಬೇಗ ಖಾಲಿಯಾಗುತ್ತೆ, ಗಾಳಿಯ ಪ್ರೆಷರ್ ಗೇಜ್ ನೋಡೋದು ಮರೆತೇ ಹೋಗುತ್ತೆ. ಪ್ರತಿ ಪೊಟರೆಗೆ ಮುಂಚೆ ಒಬ್ಬರಿಗೊಬ್ಬರು ಪ್ರೆಷರ್ ತೋರಿಸಿ. ಒಬ್ಬರು ಹಿಡೀರಿ, ಜೊತೆಗಾರ ಚೀಲ ಹಿಡಿದು ಕಾಯಲಿ. ಬೋಟ್ ಮೇಲೆ 20×24 ಇಂಚಿನ ಡೈವ್ ಬಾವುಟ (ಕೆಳಗೆ ಡೈವರ್ ಇದ್ದಾರೆ ಅಂತ ಬೇರೆ ಬೋಟ್‌ಗಳಿಗೆ ತಿಳಿಸೋದು) ಎತ್ತರದಲ್ಲಿರಲಿ. ಬಯಲು ನೀರಲ್ಲಿ ಅದರಿಂದ 300 ಅಡಿ ದಾಟಬೇಡಿ, ಎಲ್ಲರೂ ಮೇಲೆ ಬಂದ ಮೇಲೆ ಇಳಿಸಿಬಿಡಿ. ಬೋಟ್ ನಡೆಸಬಲ್ಲ ಒಬ್ಬರು ಸದಾ ಮೇಲೇ ಇರಬೇಕು. ನಾಲ್ಕು ಜನ ಅಂದರೆ ಇಬ್ಬರು ನೀರಲ್ಲಿ, ಇಬ್ಬರು ಬೋಟಲ್ಲಿ, ಆಮೇಲೆ ಸರದಿ ಬದಲಿಸಿ.