ಅಪ್‌ಡೇಟ್: ಬದಿಯಡ್ಕದ ಸ್ವಿಚ್‌ನಲ್ಲಿ ರೇಡಿಯಸ್ ಲಾಗಿನ್ ಆಯಿತು

ಮೊದಲು ಕೇಳಿದ್ದು ಇದು: ನಮ್ಮ ಸಂಘದ ಕಾಸರಗೋಡು, ಉಪ್ಪಳ ಶಾಖೆಗಳಲ್ಲಿ ಫ್ರೀರೇಡಿಯಸ್ (ಯಾರು ಲಾಗಿನ್ ಆಗಬಹುದೆಂದು ಒಂದೇ ಕಡೆ ಪರೀಕ್ಷಿಸುವ ರೇಡಿಯಸ್ ಸರ್ವರ್) ಮೂಲಕ ನೆಟ್‌ವರ್ಕ್ ಸ್ವಿಚ್‌ಗೆ ಲಾಗಿನ್ ಆಗುತ್ತಿತ್ತು, ಬದಿಯಡ್ಕದಲ್ಲಿ ಮಾತ್ರ ಟೈಮ್‌ಔಟ್. ಲಾಗ್‌ನಲ್ಲಿ ರಿಜೆಕ್ಟ್ ಕೂಡ ಕಾಣುತ್ತಿರಲಿಲ್ಲ.

ಸರ್ವರನ್ನು ಡಿಬಗ್ ಮೋಡ್‌ನಲ್ಲಿ ಓಡಿಸಿ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಉತ್ತರ ಅಲ್ಲೇ ಇತ್ತು: ಗುರುತಿಲ್ಲದ ಕ್ಲೈಂಟ್ (ಸರ್ವರನ್ನು ಕೇಳುವ ಸಾಧನ, ಇಲ್ಲಿ ಸ್ವಿಚ್). ಲೈನ್ ಬದಲಾದ ಮೇಲೆ ಆ ಸ್ವಿಚ್ ಬೇರೆ ಇಂಟರ್‌ಫೇಸಿನ ಐಪಿಯಿಂದ ಕೇಳುತ್ತಿತ್ತು. ಯಾವ ಸೀಕ್ರೆಟ್ (ಸ್ವಿಚ್‌ಗೂ ಸರ್ವರ್‌ಗೂ ಮಾತ್ರ ಗೊತ್ತಿರುವ ಗುಟ್ಟಿನ ಪದ) ಬಳಸಬೇಕೆಂದು ಸರ್ವರ್ ತಿಳಿಯುವುದು ಪ್ಯಾಕೆಟ್ ಬಂದ ಐಪಿ ನೋಡಿ. ಆ ಐಪಿ ಪಟ್ಟಿಯಲ್ಲಿಲ್ಲದಿದ್ದರೆ ಅದು ಸುಮ್ನೆ ಇದ್ದುಬಿಡುತ್ತದೆ. ರೇಡಿಯಸ್‌ನ 1812 ಪೋರ್ಟ್ ತೆರೆದಿದ್ದರೂ ಏನೂ ಪ್ರಯೋಜನ ಇಲ್ಲ. ಸ್ವಿಚ್ ಯಾವ ಐಪಿಯಿಂದ ಕೇಳಬೇಕೆಂದು ಹೇಳುವ ಸೋರ್ಸ್ ಇಂಟರ್‌ಫೇಸನ್ನು ಮ್ಯಾನೇಜ್‌ಮೆಂಟ್ ವಿಲ್ಯಾನ್‌ಗೆ (ಸಾಧನಗಳ ನಿರ್ವಹಣೆಗೆಂದೇ ಇರುವ ಪ್ರತ್ಯೇಕ ನೆಟ್‌ವರ್ಕ್) ಹಾಕಿದೆ, ಲಾಗಿನ್ ಆಯಿತು.

ಗುಂಪುಗಳನ್ನೂ ಬದಲಾಯಿಸಿದೆ. ಮೊದಲು ಎಲ್ಲ ಶಾಖೆಗೂ ಕ್ಲೈಂಟ್ ಪಟ್ಟಿಯಲ್ಲಿ ಒಂದೇ ದೊಡ್ಡ ಸಬ್‌ನೆಟ್ (ಐಪಿಗಳ ಗುಂಪು), ಒಂದೇ ಸೀಕ್ರೆಟ್ ಇತ್ತು. ಈಗ ಶಾಖೆಗೊಂದು ಸೀಕ್ರೆಟ್. ಹಂಟ್‌ಗ್ರೂಪ್‌ನಲ್ಲಿ (ಕೇಳುವ ಸಾಧನಗಳನ್ನು ಗುಂಪು ಮಾಡುವ ವ್ಯವಸ್ಥೆ) ಸ್ವಿಚ್ ಬೇರೆ, ವೈಫೈ ಬೇರೆ. ಸಿಬ್ಬಂದಿ ವೈಫೈಗೆ ಬರಬಹುದು, ಸ್ವಿಚ್‌ಗೆ ಅಡ್ಮಿನ್‌ಗಳು ಮಾತ್ರ. ಇದು ನನಗೆ ಲಾಗಿನ್‌ಗಿಂತ ಜಾಸ್ತಿ ಸಮಾಧಾನ ಕೊಟ್ಟಿತು.

ಎರಡನೇ ಸರ್ವರ್ ಇಡುವವರು ಗಮನಿಸಿ: ಮೊದಲನೆಯದು ರಿಜೆಕ್ಟ್ ಅಂದರೆ ಸ್ವಿಚ್ ಎರಡನೆಯದನ್ನು ಕೇಳುವುದಿಲ್ಲ. ಉತ್ತರ ಬಾರದಿದ್ದರೆ ಮಾತ್ರ ಕೇಳುತ್ತದೆ. ಎರಡರಲ್ಲೂ ಕ್ಲೈಂಟ್ ಪಟ್ಟಿ, ಬಳಕೆದಾರರು ಒಂದೇ ಇರಬೇಕು ಅಲ್ವಾ?

2024ರಲ್ಲಿ ಬಯಲಾದ ಬ್ಲಾಸ್ಟ್‌ರೇಡಿಯಸ್ ದೋಷದ (ನಡುವೆ ಇರುವವರು ಸರ್ವರ್‌ನ ಉತ್ತರವನ್ನು ನಕಲಿ ಮಾಡಬಹುದಾದ ದೋಷ) ಕಾರಣ ಮೆಸೇಜ್ ಆಥೆಂಟಿಕೇಟರ್ (ಸಂದೇಶ ಬದಲಾಗಿಲ್ಲವೆಂದು ತೋರಿಸುವ ಗುರುತು) ಕಡ್ಡಾಯ ಮಾಡಿದ್ದೇನೆ. ಮಂಜೇಶ್ವರದ ಹಳೇ ಸ್ವಿಚ್ ಅದನ್ನು ಕಳಿಸುವುದಿಲ್ಲ. ಹೊಸ ಫರ್ಮ್‌ವೇರ್ ಹಾಕುವವರೆಗೆ ಅದೊಂದಕ್ಕೆ ವಿನಾಯಿತಿ ಕೊಟ್ಟಿದ್ದೇನೆ.