ಓದುಗರ ಸ್ಪಂದನ: ರಾತ್ರಿಯೂ ತೇಕುವ ಕರಿಯ

ಹೊಸನಗರ ಕಡೆಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು: "ನಮ್ಮ ಲ್ಯಾಬ್ರಡಾರ್ ಕರಿಯ ಜಗಲಿಯಲ್ಲಿ ಸುಮ್ನೆ ಮಲಗಿದ್ದರೂ ನಾಲಿಗೆ ಹೊರಗೆ ಹಾಕಿ ತೇಕುತ್ತಾನೆ. ರಾತ್ರಿಯೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಇದೆಂಥ ಸೆಖೆ?"

ಅಕ್ಕಾ, ಮೊದಲು ಕರಿಯನ ತುಟಿ ಎತ್ತಿ ಒಸಡು ನೋಡಿ. ತಿಳಿಗುಲಾಬಿ ಬಣ್ಣ ಇರಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಒಸಡೇ ಕಪ್ಪಗಿದ್ದರೆ ಕಣ್ಣಿನ ಕೆಳರೆಪ್ಪೆ ಸರಿಸಿ ಒಳಗೆ ನೋಡಿ. ಬಿಳಿಚಿಕೊಂಡಿದ್ದರೆ ನನಗೆ ಮೊದಲು ಅನುಮಾನ ಬರುವುದು ಉಣುಗಿನ ಜ್ವರದ ಮೇಲೆ. ಉಣುಗು ಕಚ್ಚಿ ಬರುವ ಕೆಲವು ರೋಗಾಣುಗಳು ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ರಕ್ತ ಕಡಿಮೆಯಾದ ನಾಯಿ ಮಲಗಿದಲ್ಲೇ ಏದುಸಿರು ಬಿಡುತ್ತದೆ. ತೋಟ, ಬ್ಯಾಣ (ಹುಲ್ಲುಗಾವಲು) ಸುತ್ತಿ ಬಂದವನ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಹುಡುಕಿ. ಅವನು ಮಲಗುವ ಗೋಣಿಚೀಲ, ಗೋಡೆಯ ಬಿರುಕನ್ನೂ ಬಿಡಬೇಡಿ. ಉಣುಗು ಸಿಗಲಿಲ್ಲ ಎಂದು ಸುಮ್ಮನಾಗಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಮೈ ಬಿಸಿ ಇದೆ ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ. ಅದು ನಾಯಿಗೆ ವಿಷವಾಗಬಹುದು.
— ತೀರ್ಥಹಳ್ಳಿಯ ಓದುಗರು

ಮಳೆಗಾಲದಲ್ಲೂ ನಾಯಿಗೆ ಸೆಖೆ ಆಗುತ್ತದೆ. ಅದಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ, ನಾಲಿಗೆಯ ತೇವ ಆರಿದರೆ ತಾನೇ ಮೈ ತಂಪಾಗುವುದು? ಗಾಳಿಯೇ ಒದ್ದೆಯಾಗಿದ್ದರೆ ತೇವ ಬೇಗ ಆರುವುದಿಲ್ಲ, ತೇಕುವುದು ಜಾಸ್ತಿಯಾಗುತ್ತದೆ. ಮೈ ಬಂದ ಲ್ಯಾಬ್ರಡಾರ್‌ಗೆ ಇನ್ನೂ ಕಷ್ಟ.

ಆದರೆ ಗಾಢ ನಿದ್ರೆಯಲ್ಲೂ ಉಸಿರು ಜೋರಾಗಿದ್ದರೆ ಅದನ್ನು ಸೆಖೆ ಎಂದು ತಳ್ಳಿಹಾಕಬೇಡಿ. ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ನಿಮಿಷಕ್ಕೆ ಎಷ್ಟು ಎಂದು ಎಣಿಸಿ. ದಿನಾ 30ಕ್ಕಿಂತ ಜಾಸ್ತಿ ಬರುತ್ತಿದ್ದರೆ ಹೃದಯ, ಶ್ವಾಸಕೋಶ ಪರೀಕ್ಷೆ ಆಗಲೇಬೇಕು. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಗೆ ಹೋದ ಕೂಡಲೇ ಹೆದರಿಕೆಗೇ ಎಷ್ಟೋ ನಾಯಿಗಳು ತೇಕುತ್ತವೆ. ಮನೆಯಲ್ಲಿ ಹೇಗಿತ್ತೆಂದು ಡಾಕ್ಟರಿಗೆ ಗೊತ್ತಾಗುವುದು ವಿಡಿಯೋದಿಂದಲೇ. ನಿಮ್ಮೂರಲ್ಲಿ ಎಕ್ಸ್‌ರೇ ಸೌಲಭ್ಯ ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.
— ಶಿವಮೊಗ್ಗದ ಓದುಗರು

ಕರಿಯನಿಗೆ ತುರಿಕೆಗೆ ಮಾತ್ರೆ ಕೊಡುತ್ತಿದ್ದೀರಾ? ಅದು ಸ್ಟಿರಾಯ್ಡ್ ಆಗಿದ್ದರೆ ತೇಕುವುದು, ನೀರು ಜಾಸ್ತಿ ಕುಡಿಯುವುದು, ಪದೇ ಪದೇ ಉಚ್ಚೆ ಹೊಯ್ಯುವುದು ಎಲ್ಲ ಬರುತ್ತದೆ. ತಟ್ಟನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿಯೇ ಕಡಿಮೆ ಮಾಡಿ. ಮಂಗ ಓಡಿಸಲು ಪಕ್ಕದ ತೋಟದಲ್ಲಿ ಪಟಾಕಿ ಹೊಡೆಯುತ್ತಾರಾ, ಅದನ್ನೂ ಗಮನಿಸಿ. ಹೆದರಿದ ನಾಯಿ ತೇಕುತ್ತದೆ, ಸೊಂಟ ನೋವಿದ್ದರೂ ತೇಕುತ್ತದೆ.
— ಸಾಗರದ ಓದುಗರು

ನಾಲಿಗೆ ನೀಲಿಯಾದರೆ, ಹೊಟ್ಟೆ ಉಬ್ಬಿ ವಾಂತಿ ಬಾರದೆ ಒದ್ದಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ಮೈ ಕೆಂಡದಂತೆ ಸುಡುತ್ತಿದ್ದರೆ ತಣ್ಣೀರು ಹುಯ್ದು ಗಾಳಿ ಹಾಕುತ್ತಲೇ ಗಾಡಿ ಹತ್ತಿಸಿ. ಹೊರಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ, ಇದ್ದಾರಾ ಕೇಳಿ.
— ಸೊರಬದ ಓದುಗರು